ಮದುವೆಯ ಡಿಸ್ಕಿಗೆ ನಾನು ಹಾಕಿದ ಕತ್ತರಿ

ಪುಕ್ಕಟೆ ಸಿಗುವ ವಸ್ತು ಕಂಡರೆ ನನಗೆ ಚಿಕ್ಕಂದಿನಿಂದಲೂ ಒಂಥರಾ ಭಕ್ತಿ. ಸೀರೆ ಅಂಗಡಿಯವರು ಕೊಟ್ಟ ಕೈಚೀಲಗಳೇ ನಮ್ಮ ಮನೆಯ ಅರ್ಧ ಕಪಾಟು ತುಂಬಿವೆ. ಅಂಥವಳು ವಿಡಿಯೊ ಎಡಿಟ್ ಮಾಡುವ ಸಾಫ್ಟ್‌ವೇರ್‌ಗೆ ದುಡ್ಡು ಕೊಟ್ಟೇನೇ?

ಅದರ ಅಗತ್ಯ ಬಿದ್ದದ್ದು ಮಗಳ ಮದುವೆ ಮುಗಿದ ಮೇಲೆ. ನಮ್ಮವರ ಅಕ್ಕ ಗಿರಿಜತ್ತಿಗೆ ಇರುವುದು ಮುಂಬಯಿಯಲ್ಲಿ. ಬಚ್ಚಲಲ್ಲಿ ಜಾರಿ ಕಾಲು ಮುರಿದುಕೊಂಡು ಮದುವೆಗೆ ಬರಲಾಗಲಿಲ್ಲ. ಮಗಳನ್ನು ಎತ್ತಿ ಆಡಿಸಿದ ಜೀವ, ಫೋನಿನಲ್ಲಿ ಅತ್ತೇಬಿಟ್ಟರು. "ಡಿಸ್ಕ್ ಆದ್ರೂ ಕಳ್ಸ್ ಮಾರಾಯ್ತಿ, ಮದಿಗ್ ಬಂದಂಗ್ ಆತ್ತ್" ಎಂದರು. ವಿಡಿಯೊದವರು ಕೊಟ್ಟದ್ದು ಮೂರು ಗಂಟೆಯ ಡಿಸ್ಕು. ಪಾಪ, ನೋಯುವ ಕಾಲು ಚಾಚಿಕೊಂಡು ಅಷ್ಟನ್ನೂ ನೋಡಬೇಕೇ? ಅರ್ಧ ಗಂಟೆಗೆ ಇಳಿಸಿಯೇ ಕಳಿಸುತ್ತೇನೆಂದು, ಮಗಳು ಬಿಟ್ಟುಹೋದ ಕಂಪ್ಯೂಟರಿನ ಮುಂದೆ ಕುಳಿತೆ.

ಕುಂದಾಪುರದ ಕಂಪ್ಯೂಟರ್ ಅಂಗಡಿಯವರು ತೋರಿಸಿದ ಮೊದಲ ಸಾಫ್ಟ್‌ವೇರಿನ ಬೆಲೆ ಕೇಳಿ ನಾನು ಕುರ್ಚಿ ಹುಡುಕಿದೆ. "ಅಕ್ಕಾ, ನಿಮ್ಗೆ ಕತ್ತರ್ಸುದ್, ಜೋಡ್ಸುದ್, ಒಂದ್ ಸಿನೆಮಾ ಪದ ಹಾಕುದ್, ಅಷ್ಟೇ ಅಲ್ದಾ?" ಎಂದು ಅವರು ಟ್ರಯಲ್ ಎಂಬ ಪುಕ್ಕಟೆಯದನ್ನು ಹಾಕಿಕೊಟ್ಟರು. ಅದು ಚಿತ್ರದ ನಟ್ಟನಡುವೆ ತನ್ನ ಹೆಸರನ್ನು ಅಚ್ಚೊತ್ತುತ್ತಿತ್ತು. ಧಾರೆಯ ಹೊತ್ತಿಗೆ ಸರಿಯಾಗಿ ಅಳಿಯನ ಮೂಗಿನ ಮೇಲೆ! "ಇರ್ಲಿ ಬಿಡ್, ಮೂಗ್ ಎಲ್ಲರಿಗೂ ಇರತ್ತ್" ಎಂದರು ನಮ್ಮವರು. ಕೊನೆಗೆ ನೋಡಿದರೆ ಕಂಪ್ಯೂಟರಿನ ಜೊತೆಗೇ ಒಂದು ಬಂದಿತ್ತು. ಪುಕ್ಕಟೆ, ಅಚ್ಚೂ ಇಲ್ಲ. ನನ್ನ ಖುಷಿ ಕೇಳಬೇಡಿ.

ಕತ್ತರಿ ಕೈಗೆ ಸಿಕ್ಕಿದ್ದೇ ತಡ, ಮೊದಲು ಊಟದ ಪಂಕ್ತಿಯನ್ನು ಹಾರಿಸಿದೆ. ನಮ್ಮಲ್ಲಿ ವಿಡಿಯೊದವರು ಪಂಕ್ತಿಯ ಈ ತುದಿಯಿಂದ ಆ ತುದಿಯವರೆಗೆ ಒಬ್ಬರನ್ನೂ ಬಿಡುವುದಿಲ್ಲ. ಸಾರಿನ ಕೈ ಬಾಯಿಯ ಹತ್ತಿರ ಹೋದಾಗಲೇ ಲೈಟು ಬೀಳುತ್ತದೆ. ಅದನ್ನೇನು ನೋಡುವುದು? ನಾನು ಹೊಸ ಸೀರೆಯುಟ್ಟು, ಸೆರಗು ಸರಿಮಾಡಿಕೊಳ್ಳುತ್ತ ಮದುವೆ ಹಾಲ್‌ನೊಳಗೆ ನಡೆದು ಬರುವುದನ್ನು ಮಾತ್ರ, ಚೆನ್ನಾಗಿದೆ ಅಂತ, ಇಡಿಯಾಗಿ ಉಳಿಸಿ ಹಿಂದೆ ವಾಲಗ ಕೂಡಿಸಿದೆ. ಡಿಸ್ಕು ಒಣಮೀನಿನ ಕಟ್ಟಿನ ಜೊತೆ ಮುಂಬಯಿ ಬಸ್ಸು ಹತ್ತಿತು.

ಅತ್ತಿಗೆಯ ಫೋನು ಬಂತು. "ಧಾರೆ ಕಂಡೆ, ಕಣ್ಣ್ ತುಂಬ್ತ್. ಆರೆ ಮದಿಗೆ ಜನವೇ ಬರ್ಲಿಲ್ಯಾ? ಊಟದ್ ಪಂಕ್ತಿ ಎಲ್ಲಿತ್ತ್? ಬಸ್ರೂರ್ ಚಿಕ್ಕಮ್ಮನ್ನ ನಾನ್ ಎಲ್ಲಿ ಕಾಂಬುದ್?"

ಅಯ್ಯೋ ದೇವರೇ! ಯಾರು ಬಂದರು, ಯಾರ ಪಕ್ಕ ಯಾರು ಕುಳಿತರು, ಯಾರ ತಲೆ ನರೆಯಿತು, ಎಲ್ಲ ಇದ್ದದ್ದು ಆ ಪಂಕ್ತಿಯಲ್ಲೇ. ಮರುದಿನವೇ ಮೂರು ಗಂಟೆಯದನ್ನು ಹಾಗೆಯೇ ಕಳಿಸಿದೆ. ಈ ಸಲ ಫೋನಿನಲ್ಲಿ ನಗುವೇ ನಗು.

"ಎಲ್ಲರ್ನೂ ಕಂಡೆ ಮಾರಾಯ್ತಿ! ಚಿಕ್ಕಮ್ಮ ಪಾಯ್ಸ ಮತ್ತೂ ಹಾಕ್ಸ್ಕಂಡಿರ್! ಕಾಲ್ ನೋವೇ ಮರ್ತ್ ಹೋಯ್ತ್. ಬೇಜಾರ್ ಆದ್ದ್ ಒಂದೇ ಕಡೆ ಕಾಣ್. ನೀನ್ ಸೆರಗ್ ಸಮ ಮಾಡ್ಕಂತ ಬಪ್ಪುದ್ ಮುಗಿತೇ ಇಲ್ಲೆ. ಕತ್ತರ್ಸುದಾರೆ ಅದನ್ನ್ ಕತ್ತರ್ಸ್‌ಲಕ್ಕಿತ್ತ್."

ಆಮೇಲೆ ನಾನು ಏನನ್ನೂ ಕತ್ತರಿಸಲು ಹೋಗಿಲ್ಲ. ಮನೆಯಲ್ಲಿ ಯಾರೂ ಇಲ್ಲದಾಗ ಕಂಪ್ಯೂಟರಿನಲ್ಲಿ ಆ ಸೆರಗಿನ ತುಂಡನ್ನು ಹಾಕಿ ನೋಡುವುದುಂಟು. ನನಗೇನೋ ಅದು ಸ್ವಲ್ಪ ಬೇಗನೆ ಮುಗಿಯಿತೆಂದೇ ಅನ್ನಿಸುತ್ತದೆ.