ಬಂದೂಕಿಗೆ ಭುಜ ಕೊಟ್ಟವಳು

ನನ್ನ ಸೋದರಮಾವ ಒಂದು ಸೊಳ್ಳೆಯನ್ನೂ ಕೊಂದವರಲ್ಲ. ಆದರೂ ಕ್ರೋಂಪೇಟೆಯ ನಮ್ಮ ಬೀದಿಯಲ್ಲಿ ಅವರನ್ನು ಕಂಡರೆ ನಾಯಿಗಳೂ ದಾರಿ ಬಿಡುತ್ತಿದ್ದವು! ವಾರವೆಲ್ಲ ರೈಲ್ವೆ ಗುಮಾಸ್ತರು. ಭಾನುವಾರ ರೈಫಲ್ ಕ್ಲಬ್ಬಿನ ಹುಲಿ.

ಅಮ್ಮ ತೀರಿಕೊಂಡ ಮೇಲೆ ನನ್ನನ್ನು ಸಾಕಿದವರು ಅವರೇ. ಸಾಕಿದರೋ, ಕವಾಯತು ಮಾಡಿಸಿದರೋ? ಕ್ಲಬ್ಬಿನ ರೈಫಲ್ ಕತ್ತೆಯಂತೆ ಹಿಂದಕ್ಕೆ ಒದೆಯುತ್ತಿತ್ತು. ಆ ಒದೆತಕ್ಕೆ ನಾನು ಹೆದರಬಾರದೆಂದು ಮನೆಯಲ್ಲಿ ನೆಲ ಒರೆಸುವ ಕೋಲನ್ನು ನನ್ನ ಭುಜಕ್ಕೆ ಒತ್ತಿಸಿ, ಇನ್ನೊಂದು ತುದಿಗೆ ಅಂಗೈಯಿಂದ ಗುದ್ದುತ್ತಿದ್ದರು.

"ಭುಜದ ಗುಳಿಗೆ ಬಿಗಿಯಾಗಿ ಒತ್ಕೋ! ಕಣ್ಣು ಮುಚ್ಬೇಡ್ವೇ!"

"ನೋಯತ್ತೆ ಮಾವ!"

"ಪರವಾಯಿಲ್ಲೆ, ಇನ್ನೊಂದ್ಸಲ!"

ವಡಪಳನಿ ಗುಡಿಯಲ್ಲಿ ಮುರುಗನ ಮುಂದೂ ಅಷ್ಟೇ. ಒಂದು ಕಣ್ಣು ಮುಚ್ಚಿ, ಅರ್ಧ ಉಸಿರು ಬಿಟ್ಟು, ದೇವರ ಹಣೆಗೇ ಗುರಿಯಿಟ್ಟು ನಿಂತರು. ಆರತಿ ಹಿಡಿದು ಕಾದು ಸುಸ್ತಾದ ಅರ್ಚಕರು ತಮಿಳಿನಲ್ಲಿ, "ಸಾರ್, ಸಾಮಿ ಎಲ್ಲಿಗೂ ಓಡಿಹೋಗೋದಿಲ್ಲ" ಎಂದರು!

ನಗು ಅಲ್ಲಿಗೇ ಮುಗಿಯಿತು. ರಾಜ್ಯ ತಂಡದ ಆಯ್ಕೆಯ ದಿನ ನನ್ನದು ಕೊನೆಯ ಗುಂಡು. ಚೆನ್ನಾಗಿ ಹೊಡೆದರೆ ತಂಡದಲ್ಲಿ ಜಾಗ. ಉಸಿರು ನಿಂತಿತ್ತು, ಬೆರಳು ಬಂದೂಕಿನ ಕುದುರೆಯ ಮೇಲಿತ್ತು. ಹಿಂದಿನಿಂದ ಮಾವನ ಗುಡುಗಿನಂಥ ದನಿ: "ಅವಸರಪಡಬೇಡ!" ಬೆಚ್ಚಿಬಿದ್ದೆ. ನನ್ನ ಗುಂಡು ಪಕ್ಕದವಳ ಗುರಿಹಾಳೆಗೆ ಹೋಯಿತು, ಅದೂ ನಟ್ಟನಡುವಿಗೆ!

"ನನ್ನ ಸೋಲಿಸಿದ್ದು ನೀವೇ" ಎಂದೆ.

"ನೀನು ಭುಜ ಸಡಿಲ ಬಿಟ್ಟಿದ್ದೆ" ಎಂದರು. ಅಷ್ಟೇ!

ಮರುವಾರ ಹಾಸ್ಟೆಲ್ ಸೇರಿದೆ. ಒಂಬತ್ತು ವರ್ಷ ಅವರೊಡನೆ ಮಾತಾಡಲಿಲ್ಲ. ಒಂದೇ ಊರಿನಲ್ಲಿದ್ದುಕೊಂಡು! ಅವರೂ ಒಂದು ಫೋನ್ ಮಾಡಲಿಲ್ಲ. ಆ ಕಹಿಯನ್ನು ನಾನು ಜೋಪಾನವಾಗಿಯೇ ಇಟ್ಟುಕೊಂಡಿದ್ದೆ.

ಮೊನ್ನೆ ಮಾವನ ಹೆಂಡತಿ, ನನ್ನ ಅತ್ತೆ, ಮನೆಗೆ ಕರೆದರು. ಹೋದೆ. ಕಿವಿಗೆ ಏನೂ ಮುಚ್ಚಿಕೊಳ್ಳದೆ ವರ್ಷಗಟ್ಟಲೆ ಗುಂಡು ಹಾರಿಸಿ ಮಾವನ ಕಿವಿ ಎಂದೋ ಕೆಟ್ಟಿತ್ತಂತೆ. ಯಾರಿಗೂ ಹೇಳಿರಲಿಲ್ಲ. ಅದಕ್ಕೇ ಫೋನ್ ಮುಟ್ಟುತ್ತಿರಲಿಲ್ಲವಂತೆ. ಈಗ ಅತ್ತೆಯ ಬಲವಂತಕ್ಕೆ ಕಿವಿಗೆ ಯಂತ್ರ ಹಾಕಿಸಿಕೊಂಡಿದ್ದರು.

"ಅವತ್ತು ನಾನು ಪಿಸುಗುಟ್ಟಿದೆ ಅಂತ್ಲೇ ಅಂದ್ಕೊಂಡಿದ್ದೆ ಕಣೇ" ಎಂದರು ಮಾವ, ನೆಲ ನೋಡುತ್ತ.

ಜಗಳಕ್ಕೆಂದು ಕಾಯ್ದಿಟ್ಟ ಮಾತನ್ನೆಲ್ಲ ಬದಿಗಿಟ್ಟು, "ಊಟ ಆಯ್ತಾ ಮಾವ?" ಎಂದೆ.

ಮಾವ ತಟ್ಟನೆ ತಲೆಯೆತ್ತಿದರು. "ಇನ್ನೊಂದ್ಸಲ ಹೇಳು."

"ಊಟ ಆಯ್ತಾ?"

"ನಿಂದು ಅಕ್ಕನ ದನೀನೇ" ಎಂದರು. ಅವರ ಕಣ್ಣು ತುಂಬಿತ್ತು. "ಇಷ್ಟು ವರ್ಷ ನಂಗೆ ಗೊತ್ತೇ ಆಗ್ಲಿಲ್ವಲ್ಲೇ."

ನಾನು ಬಸ್ಸಿನ ನೂಕುನುಗ್ಗಲು, ಸುಡುಬಿಸಿಲು, ಆಫೀಸು, ಬಾಯಿಗೆ ಬಂದದ್ದನ್ನೆಲ್ಲ ಹೇಳತೊಡಗಿದೆ. ಅವರು ಕಣ್ಣು ಮುಚ್ಚಿ ಕೇಳುತ್ತಿದ್ದರು.