ಹೊಲಿಗೆಯಿಲ್ಲದ ಆಪರೇಷನ್ನು

ಶಂಭುಲಿಂಗಪ್ಪನ ಹೊಟ್ಟೆಯ ಮೇಲೆ ಒಂದು ಗೀರೂ ಇರಲಿಲ್ಲ. ತಾಪತ್ರಯ ಶುರುವಾದದ್ದೇ ಅದರಿಂದ.

ಭೀಮನಬೀಡಿನಲ್ಲಿ ಅರಿಸಿನ ಅಗೆಯುವುದು ಮುಯ್ಯಾಳಿನ ಮೇಲೆ. ಹೋದ ತಿಂಗಳು ಪುಟ್ಟರಾಜು ಬಂದು ಇವನ ಹೊಲದಲ್ಲಿ ಮೂರು ದಿನ ಅಗೆದಿದ್ದ. ಈಗ ಅವನ ಹೊಲದಲ್ಲಿ ಇವನು ಮೂರು ದಿನ ಗುದ್ದಲಿ ಹಿಡಿಯಬೇಕು. ಆದರೆ ಹತ್ತು ದಿನದ ಹಿಂದೆ ಚಾಮರಾಜನಗರದ ಡಾಕ್ಟರಮ್ಮ ಸುಧಾಮಣಿ, ಮೂತ್ರನಾಳಕ್ಕೆ ಅಡ್ಡ ಸಿಕ್ಕಿಕೊಂಡಿದ್ದ ಕಲ್ಲನ್ನು ದುರ್ಬೀನಿನ ಕೊಳವೆ ತೂರಿಸಿ ಪುಡಿ ಮಾಡಿ, ಒಳಗೊಂದು ಸಣ್ಣ ಟ್ಯೂಬು ಇಟ್ಟು ಕಳಿಸಿದ್ದರು. ಟ್ಯೂಬು ತೆಗೆಯುವ ತನಕ ಭಾರದ ಕೆಲಸ ಕೂಡದು. ಅಷ್ಟರೊಳಗೆ ಪುಟ್ಟರಾಜುವಿನ ಅರಿಸಿನ ಮುಗಿದಿರುತ್ತದೆ ಎಂದು ಶಂಭುಲಿಂಗಪ್ಪ ನೆಮ್ಮದಿಯಾಗಿದ್ದ.

ಬೆಳಿಗ್ಗೆ ಪುಟ್ಟರಾಜು ಜಗಲಿಗೇ ಬಂದು ಕುಳಿತ. ಹಿಂದೆಯೇ ಎದುರುಮನೆಯ ಮುದುಕಿ ದೊಡ್ಡಮಲ್ಲಮ್ಮ.

“ಅಂಗಿ ಎತ್ಲಾ, ನೋಡನ. ಎಲ್ಲಿ ಕುಯ್ದವ್ರೆ?” ಎಂದ ಪುಟ್ಟರಾಜು.

“ಕುಯ್ದಿಲ್ಲ ಕಣ್ಲಾ.”

“ಮತ್ತೆ ಕಲ್ಲತ್ರಕೆ ಎಂಗೋದ್ರು?”

ಶಂಭುಲಿಂಗಪ್ಪ ಮುದುಕಿಯ ಕಡೆ ನೋಡಿ ದನಿ ತಗ್ಗಿಸಿದ. “ಉಚ್ಚೆ ಬರೋ ದಾರೀಲಿ.”

ದೊಡ್ಡಮಲ್ಲಮ್ಮನ ಕಿವಿ ಚುರುಕು. “ಕತ್ಲಲ್ಲಿ ಎಂಗಪ್ಪ ಕಾಣ್ತು ಅವ್ರಿಗೆ?”

“ಲೈಟು, ಕ್ಯಾಮರಾ ಎಲ್ಲಾವ ಬುಡ್ತಾರೆ ಕಣವ್ವ.”

“ಶಿವನೆ. ಕಲ್ಲು ತೋರ್ಸು ಮತ್ತೆ.”

ಡಬ್ಬಿ ತಂದು ತೋರಿಸಿದ. ತಳದಲ್ಲಿ ನಾಲ್ಕು ಮರಳುಕಾಳು.

“ಇದ್ಕಾ ಬೀದಿಯೆಲ್ಲ ಎದ್ದು ಕೂರಂಗೆ ಕೂಗಿದ್ದು? ಹುರುಳಿ ಆರಿಸ್ವಾಗ ಇದ್ಕಿಂತ ದೊಡ್ಡವು ಸಿಕ್ತವೆ ನಂಗೆ.”

“ಹೊಲಿಗೆ ಇಲ್ಲ, ಕಲ್ಲೂ ಇಲ್ಲ,” ಎಂದ ಪುಟ್ಟರಾಜು. “ನಾನು ಅಗೆದ ಮೂರು ದಿನ ಮಾತ್ರ ಅದೆ. ಎದ್ದು ಗುದ್ದಲಿ ತಕ್ಕೊ.”

ಶಂಭುಲಿಂಗಪ್ಪನಿಗೆ ರೇಗಿತು. “ನಡಿಯಲಾ, ಡಾಕ್ಟ್ರಮ್ಮುನ್ನೇ ಕೇಳನ.”

ಗುಂಡ್ಲುಪೇಟೆಯಲ್ಲಿ ಬಸ್ಸು ಬದಲಿಸಿ ಚಾಮರಾಜನಗರ ಮುಟ್ಟುವಷ್ಟರಲ್ಲಿ ಪುಟ್ಟರಾಜು ಕಂಡಕ್ಟರಿಗೂ ವಿಷಯ ಹೇಳಿ ಮುಗಿಸಿದ್ದ. ಸಂತೆಯಲ್ಲಿ ಎತ್ತಿನ ಹಲ್ಲು ನೋಡುವವರ ಹಾಗೆ ಅರ್ಧ ಬಸ್ಸು ಶಂಭುಲಿಂಗಪ್ಪನ ಪಂಚೆಯನ್ನೇ ನೋಡುತ್ತಿತ್ತು.

ಡಾಕ್ಟರಮ್ಮ ಎಕ್ಸ್‌ರೇ ತೆಗೆಸಿ ಬೆಳಕಿಗೆ ಹಿಡಿದರು. ಎರಡೂ ತುದಿಯಲ್ಲಿ ಸುರುಳಿ ಸುತ್ತಿಕೊಂಡ ಟ್ಯೂಬು ಕುಂಬಳದ ಬಳ್ಳಿಯ ಕುಡಿಯಂತೆ ಕಂಡಿತು. ಪುಟ್ಟರಾಜು ಮೂಗು ತಾಗುವಷ್ಟು ಬಗ್ಗಿ ನೋಡಿದ.

“ನಿಜ ಕಣ್ಲಾ. ನಾನೇ ತಪ್ಪು ತಿಳ್ಕಬುಟ್ಟೆ.”

ಶಂಭುಲಿಂಗಪ್ಪ ಮೀಸೆ ತೀಡಿಕೊಂಡ.

“ಕಲ್ಲಿನ ಚೂರೂ ಉಳಿದಿಲ್ಲ,” ಎನ್ನುತ್ತ ಡಾಕ್ಟರಮ್ಮ ಕೈಗವಸು ಹಾಕಿಕೊಂಡರು. “ಹೇಗೂ ಬಂದಿದ್ದೀರಿ. ನಾಲ್ಕು ದಿನ ಬಿಟ್ಟು ಮತ್ತೆ ಬರೋದ್ಯಾಕೆ? ಟ್ಯೂಬು ಈಗಲೇ ತೆಗೆದುಬಿಡ್ತೀನಿ.”

ಐದು ನಿಮಿಷವೂ ಹಿಡಿಯಲಿಲ್ಲ. “ಇವತ್ತು ಚೆನ್ನಾಗಿ ನೀರು ಕುಡೀರಿ. ನಾಳೆಯಿಂದ ಎಲ್ಲ ಕೆಲಸ ಮಾಡಬಹುದು.”

ಬಾಗಿಲಲ್ಲಿ ನಿಂತಿದ್ದ ಪುಟ್ಟರಾಜು ಇಣುಕಿದ. “ಗುದ್ದಲಿ ಹಿಡಿಬೋದಾ ಮೇಡಂ?”

“ಧಾರಾಳವಾಗಿ.”

ವಾಪಸು ಬರುವಾಗ ಪುಟ್ಟರಾಜು ಅವನಿಗೆ ಕಿಟಕಿ ಪಕ್ಕದ ಸೀಟು ಬಿಟ್ಟುಕೊಟ್ಟ. ನೀರಿನ ಬಾಟಲಿಯ ಮುಚ್ಚಳ ತಾನೇ ತೆಗೆದು ಕೈಗಿತ್ತ.

“ಕುಡಿ ಕಣ್ಲಾ, ಚೆನ್ನಾಗಿ ಕುಡಿ. ಬೆಳಿಗ್ಗೆ ಏಳ್ಗಂಟೆಗೆ ಹೊಲದ ತಾವ ಬಂದ್ಬುಡು.”