ಖಂಡೇಪೂಜೆಯ ದಿನ ಗಣಕಾಸುರನನ್ನು ಮಲಗಿಸಿದ ಪ್ರಸಂಗ

ಆಡಿದವಳು ಒಗ್ಗರಣೆಯ ಹೊಗೆಯಲ್ಲಿ ಅರ್ಧ ಮರೆತ, ಕೇಳಿದವಳು ಮಾತ್ರ ಶಿಲಾಶಾಸನದಂತೆ ಎದೆಯಲ್ಲಿ ಕೊರೆದಿಟ್ಟುಕೊಂಡ ಒಂದು ಮಾತಿನಿಂದ ಈ ಮಹಾಕಥೆ ಮೊದಲಾಗಲಿ. ಆಗ ಸಿಂಚನಾ ಎಂಬ ಬಾಲೆಯ ಹಾಲುಹಲ್ಲುಗಳು ಇನ್ನೂ ಬಿದ್ದಿರಲಿಲ್ಲ. ಸೋದರಮಾವ ತಂದುಕೊಟ್ಟ ಕೆಂಪು ಸೈಕಲ್ಲಿನ ಸೀಟು ಅವಳ ಎದೆಮಟ್ಟಕ್ಕಿತ್ತು. ಒಂದು ಕೈಯಲ್ಲಿ ಅದರ ಹ್ಯಾಂಡಲ್ಲನ್ನೂ ಇನ್ನೊಂದರಲ್ಲಿ ತಾಯಿಯ ಸೆರಗನ್ನೂ ಹಿಡಿದು ಅವಳು ಜಗ್ಗಲು, ತಾಯಿ ಶಶಿಕಲೆಯು ಕೀಲಿಮಣೆಯಿಂದ ಕಣ್ಣೆತ್ತದೆಯೇ ನುಡಿದಿದ್ದಳು: “ಈ ಕಂಪ್ಯೂಟರ್ ಒಂದಿನ ಪೂರ್ತಿ ಬಂದ್ ಆಗ್ಲಿ ಪುಟ್ಟಿ, ಆವತ್ತ ನಿನ್ನ ಸೈಕಲ್ ಹಿಂದ ನಾನ ಓಡ್ತೀನಿ.”

ಮೂರು ಕಾಲಿನ ಪ್ಲಗ್ಗಿನಲ್ಲಿ ನೆಲೆಸಿ, ಮಳೆಯ ಮೊದಲ ಹನಿಗೇ ಭಕ್ತರನ್ನು ಕತ್ತಲಲ್ಲಿ ತೊರೆದು ಹೋಗುವ ವಿದ್ಯುದ್ದೇವಿಯೇ, ಇದನ್ನು ಹೇಳಿ ಮುಗಿಸುವ ತನಕವಾದರೂ ನಿಲ್ಲು ತಾಯಿ. ಪಾತ್ರೆ ತೊಳೆದ ಒದ್ದೆಗೈಯಿಂದಲೇ ನಿನಗೆ ಮುಗಿದು, ಆ ಮಾತಿಗೆ ಮುಂದೆ ಏನಾಯಿತೆಂಬುದನ್ನು ಹಾಡತೊಡಗುವೆವು.

ಅದು, ಲೋಕವೆಲ್ಲ ಮೊಬೈಲಿನಲ್ಲಿ ಮುಳುಗಿದ್ದರೂ ಲಗ್ನಪತ್ರಿಕೆಯು ಮಾತ್ರ ಅರಿಸಿನ ಹಚ್ಚಿದ ಕಾಗದದಲ್ಲಿಯೇ ಬರಬೇಕೆಂದು ಬೀಗರು ಹಟ ಹಿಡಿಯುತ್ತಿದ್ದ ಯುಗ. ಆ ಯುಗದಲ್ಲಿ, ರಾಣೆಬೆನ್ನೂರಿನ ಒಂದು ಓಣಿಯಲ್ಲಿ, ಸಮಸ್ತ-ವಧೂವರ-ನಾಮಾಕ್ಷರ-ಶೋಧನ-ಧುರಂಧರೆಯೂ, ಕುಕ್ಕರ್-ಸೀಟಿ-ಗಣನ-ಜಾಗರೂಕೆಯೂ, ಎಡಗೈಯಲ್ಲಿ ರೊಟ್ಟಿ ತಿರುವುತ್ತ ಬಲಗೈಯಲ್ಲಿ ಚಿರಂಜೀವಿ ಸೌಭಾಗ್ಯವತಿಯರನ್ನು ಜೋಡಿಸಬಲ್ಲವಳೂ ಆದ ಶಶಿಕಲಾದೇವಿಯು ಮನೆಯಲ್ಲಿಯೇ ಕುಳಿತು ಪ್ರೆಸ್ಸಿನವರಿಗಾಗಿ ಅಕ್ಷರ ಜೋಡಿಸಿಕೊಡುತ್ತಿದ್ದಳು. ಅವಳ ಆಯುಧವೋ, ಮುಚ್ಚಿಹೋದ ಸೈಬರ್ ಕೆಫೆಯೊಂದರಿಂದ ಗಂಡನು ಹೊತ್ತು ತಂದಿದ್ದ ಮುದಿ ಗಣಕ: ಧೂಳಿಧೂಸರ-ಲೋಹಕವಚಧಾರಿ, ಘರ್ಘರ-ವ್ಯಜನ-ನಿನಾದ-ಭೀಕರ, ಆದರೆ ಅವಳಿಗೆ ಬೇಕಾದ ಹಳೆಯ ಅಕ್ಷರಗಳೆಲ್ಲ ಅದೊಂದರ ಹೊಟ್ಟೆಯಲ್ಲಿಯೇ ಇದ್ದವು.

ಲೋಕದ ಮುದಿ ಗಣಕಗಳು ಏಳಲು ಸತಾಯಿಸುತ್ತವೆ. ಇವನು ಒಂದು ವರ್ಷದಿಂದ ಮಲಗಲು ಸತಾಯಿಸುತ್ತಿದ್ದನು. ಮುಂದಿನ ಬಟನ್ನು ಒತ್ತಿ ಬಂದ್ ಆಗೆಂದು ಆಜ್ಞಾಪಿಸಿದರೆ ವಿನಯದಿಂದ ಕಿಟಕಿಗಳನ್ನೆಲ್ಲ ಮುಚ್ಚುವನು, ಪರದೆಯನ್ನು ಕಪ್ಪಾಗಿಸುವನು, ಉಸಿರನ್ನೂ ನಿಲ್ಲಿಸುವನು. ಶಶಿಕಲೆಯು ಸೊಂಟ ಹಿಡಿದುಕೊಂಡು ಸ್ಟೂಲಿನಿಂದ ಏಳುವಷ್ಟರಲ್ಲಿ ಒಳಗೆಲ್ಲೋ ‘ಟಿಕ್’ ಎಂದು ಸದ್ದಾಗಿ, ಅಮೃತ ಕುಡಿದೆದ್ದ ರಕ್ಕಸನಂತೆ ಮಂಗಳವಾದ್ಯ ಸಮೇತ ಮತ್ತೆ ಎದ್ದು ಕೂರುವನು. ದಿನನಿತ್ಯ ಇದರಿಂದ ಬಾಧೆಯಿರಲಿಲ್ಲ. ಹಟಮಾರಿ ಕೂಸಿನ ಮೇಲೆ ಹೊದಿಕೆ ಎಸೆದಂತೆ ಹಳೆಯ ಚಾದರವೊಂದನ್ನು ಎಸೆದು, ಗುರುಗುಡುವುದನ್ನು ಗುರುಗುಡಲು ಬಿಟ್ಟು ಮನೆಯವರು ಮಲಗುತ್ತಿದ್ದರು.

ಆದರೆ ಖಂಡೇಪೂಜೆಯ ದಿನ ಹಾಗೆ ನಡೆಯದು. ಆ ನಾಡಿನಲ್ಲಿ ಮಹಾನವಮಿಯ ಆ ದಿನ ಅನ್ನ ಕೊಡುವ ಸಲಕರಣೆಗಳಿಗೆಲ್ಲ ಪೂಜೆ. ಪೂಜೆಗೊಂಡದ್ದು ಮರುದಿನ ಬನ್ನಿ ಹಂಚುವ ತನಕ ವಿಶ್ರಾಂತಿಯಲ್ಲಿರಬೇಕು. ಇದು ಅತ್ತೆ ನೀಲವ್ವನ ಶಾಸನ, ಮತ್ತು ಆ ಮನೆಯಲ್ಲಿ ನೀಲವ್ವನ ಶಾಸನಕ್ಕೆ ತಿದ್ದುಪಡಿಯಿಲ್ಲ. ಪ್ರೆಸ್ಸಿನ ಒಡೆಯ ಕೊಟ್ರೇಶನೂ, ಜ್ವರವೆಂದರೆ ನಂಬದ, ಬೀಗರ ಊಟವೆಂದರೆ ಒಪ್ಪದ ಆ ವಜ್ರಹೃದಯನೂ, “ಖಂಡೇಪೂಜಿ ಆಗೇತ್ರಿ” ಎಂಬ ಎರಡು ಪದಗಳ ಮುಂದೆ ಮಾತ್ರ ಶಸ್ತ್ರ ಕೆಳಗಿಡುತ್ತಿದ್ದನು. ವರ್ಷಕ್ಕೊಂದೇ ಬಿಡುವು, ಅದಕ್ಕೊಂದೇ ಬಾಗಿಲು. ಹಿಂದಿನ ವರ್ಷಗಳಲ್ಲೆಲ್ಲ ಪೂಜೆಗೆ ಮುಂಚೆಯೇ ಅವನ ಫೋನು ಬಂದು, ಒಂದು ಕಾರ್ಡು ಇನ್ನೊಂದನ್ನು ಹೆತ್ತು, ದೀಪ ಹಚ್ಚುವ ಹೊತ್ತಿಗೆ ಪೂಜೆಯಾಗಿ, ಸೈಕಲ್ಲು ಮೆಟ್ಟಿಲ ಕೆಳಗೇ ನಿಂತುಬಿಟ್ಟಿತ್ತು. ಈ ಸಲ ಹಾಗಾಗಬಾರದೆಂದು ಶಶಿಕಲೆಯು ಬೆಳಕು ಹರಿಯುವುದಕ್ಕೆ ಮುನ್ನವೇ ಎಣ್ಣೆಸ್ನಾನ ಮುಗಿಸಿ, ಹೂರಣ ರುಬ್ಬಿಟ್ಟು, ಗಣಕದ ಮುಂದೆ ನಿಂತು ಬಂದ್ ಎಂದು ಒತ್ತಿದಳು. ಅವನು ಬಂದ್ ಆದನು. ಅವನು ಎದ್ದನು.

ಬುಡಕ್ಕೆ ಕೈಹಾಕಿ ಪ್ಲಗ್ಗನ್ನೇ ಕೀಳಬಾರದೇ ಎಂದು ಕೇಳುವ ಅರಸಿಕರೂ ಲೋಕದಲ್ಲಿದ್ದಾರೆ. ಹಿಂದೊಮ್ಮೆ ಕಿತ್ತಿದ್ದರು. ಅಂದು ಅರ್ಧ ಜೋಡಿಸಿದ್ದ ಪತ್ರಿಕೆಯೊಂದರಿಂದ ವರನ ಕಡೆಯ ಹಿರಿಯರೆಲ್ಲ ಒಮ್ಮೆಗೇ ಅಳಿಸಿಹೋಗಿ, ವರನ ದೊಡ್ಡಪ್ಪನು ತಾನೇ ಬಂದು ಪಡಸಾಲೆಯಲ್ಲಿ ಕುಳಿತು ಒಬ್ಬೊಬ್ಬರನ್ನೇ ಹೇಳಿ ಬರೆಸಿದ್ದನು. ಅದೂ ಅಲ್ಲದೆ ನೀಲವ್ವನು ಆಗಲೇ ಆರತಿ ತಟ್ಟೆ ಹಿಡಿದು ತೀರ್ಪು ಕೊಟ್ಟಿದ್ದಳು: “ಕುತಿಗಿ ಹಿಚುಕಿ ಮಲಗಿಸಿದ್ದಕ್ಕ ಪೂಜಿ ಮಾಡಾಕ ಬರಂಗಿಲ್ಲ. ತಾನ ಮಲಗಬೇಕು.”

ಆಗ ರಣಾಂಗಣವನ್ನು ಪ್ರವೇಶಿಸಿದವನು ಗೃಹಸ್ವಾಮಿ ವಿರೂಪಾಕ್ಷನು; ಬಸ್ಸಿನ ಕಂಡಕ್ಟರ್ ವೃತ್ತಿಯಲ್ಲಿ ತಲೆ ನರೆತವನು; ಚಿಲ್ಲರೆ-ಪ್ರದಾನ-ಪರಾಙ್ಮುಖ, ಸೀಟಿ-ಶಂಖ-ಧ್ವನಿ-ನಿಪುಣ. ಅವನು ಬನಿಯನ್ನಿನ ಎದೆಯುಬ್ಬಿಸಿ ಘೋಷಿಸಿದನು: “ಫುಟ್‌ಬೋರ್ಡಿಗೆ ಜೋತುಬಿದ್ದ ಕಾಲೇಜು ಸೇನೆಯನ್ನು ಒಂದೇ ಹುಂಕಾರದಿಂದ ಒಳಗೆ ತಳ್ಳಿದ ಈ ಭುಜಗಳಿಗೆ ಒಂದು ತಗಡಿನ ಪೆಟ್ಟಿಗೆ ಎದುರಾಳಿಯೇ? ಜಾತ್ರೆಯ ವಿಶೇಷ ಬಸ್ಸುಗಳಲ್ಲಿ ಉಸಿರಾಡಲು ಸ್ಥಳವಿಲ್ಲದೆಡೆ ಟಿಕೆಟ್ ಹರಿದ ಈ ಬೆರಳುಗಳಿಗೆ ಯಾವ ಕೀಲಿ ತಾನೇ ಮಣಿಯದು? ರಾಹುಕಾಲವು ಹೊಸ್ತಿಲು ತುಳಿಯುವ ಮುನ್ನ ಇವನನ್ನು ಮಲಗಿಸದಿದ್ದರೆ ಇಂದಿನ ಹೋಳಿಗೆಯನ್ನು ನಾನು ಮುಟ್ಟೆನು.” ಲೌಕಿಕರ ಕಿವಿಗೆ ಬಿದ್ದದ್ದು “ಸರಿ ಈಕಡೆ, ನಾ ನೋಡ್ತೀನಿ” ಎಂಬುದಷ್ಟೇ, ಹೋಳಿಗೆಯ ಮಾತು ಯಾರಿಗೂ ಕೇಳಿಸದೆ ಹೋದದ್ದು ಅವನ ಪೂರ್ವಪುಣ್ಯ.

ಮೊದಲು ಅವನು ಪ್ರಿಂಟರಿನ ನರವನ್ನು ಕಡಿದನು. ಗಣಕಾಸುರನು ಮಲಗಿ ಎದ್ದನು. ಇಲಿಯ ಬಾಲ ಹಿಡಿದೆಳೆದು ಮೌಸನ್ನು ಬೇರ್ಪಡಿಸಿದನು, ಮಲಗಿ ಎದ್ದನು. ಕೀಲಿಮಣೆಯನ್ನು ಕಿತ್ತು ಬೋರಲು ಹಾಕಿ ಬಡಿಯಲು ಅದರೊಳಗಿಂದ ಶೇಂಗಾಸಿಪ್ಪೆ, ಚುರುಮುರಿ, ಕಳೆದುಹೋಗಿದ್ದ ಮೂಗುತಿಯ ತಿರುಪು ಮುಂತಾದ ನಿಧಿಗಳು ಸುರಿದವು. ಆದರೂ ಮಲಗಿ ಎದ್ದನು. ಕೈಯಿಲ್ಲದೆ ಕಾಲಿಲ್ಲದೆ, ಇಂಟರ್ನೆಟ್ಟಿನ ವೈರೂ ಇಲ್ಲದೆ, ಬರೀ ಮುಂಡವಾಗಿ ಕುಳಿತಿದ್ದರೂ ಅದೇ ಮಂಗಳವಾದ್ಯ. ಕೊನೆಗೆ ವಿರೂಪಾಕ್ಷನು, ತಕರಾರು ಮಾಡುವ ಬಸ್ಸಿನ ಬಾಗಿಲಿಗೆ ಕೊಡುವ ರೀತಿಯಲ್ಲಿಯೇ, ಅಂಗೈಯಿಂದ ಅವನ ಪಕ್ಕೆಗೊಂದು ಕೊಟ್ಟನು. ಈ ಸಲ ಅವನು ಮಲಗುವ ಶಾಸ್ತ್ರವನ್ನೂ ಮಾಡಲಿಲ್ಲ.

“ಇದರಾಗ ಏನೋ ಸೇರೇತಿ” ಎಂದು ಕಂಡಕ್ಟರೋತ್ತಮನು ಬೆವರೊರೆಸಿಕೊಂಡನು. ನೀಲವ್ವನು ಅದನ್ನು ಅಕ್ಷರಶಃ ತೆಗೆದುಕೊಂಡು, ಉಪ್ಪು-ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದಳು. ಸೇರಿದ್ದು ಹೋಗಲಿಲ್ಲ, ಮನೆಮಂದಿಯೆಲ್ಲ ಕೆಮ್ಮುತ್ತ ಹೊರಗೆ ಹೋದರು.

ಹೊರಗೆ, ಮೆಟ್ಟಿಲಿನ ಮೇಲೆ, ಸಿಂಚನಾ ಸೈಕಲ್ ಹಿಡಿದು ಕುಳಿತಿದ್ದಳು. ಹೊಸ ಲಂಗದ ಮೇಲೆ ಶಾಲೆಯ ಬೂಟು ಹಾಕಿಕೊಂಡಿದ್ದಳು, ಪೆಡಲ್ ತುಳಿಯಲು ಚಪ್ಪಲಿ ಜಾರುತ್ತದೆಂದು. ಒಂದು ಕಾಲದಲ್ಲಿ ಅವಳ ಎದೆಮಟ್ಟಕ್ಕಿದ್ದ ಸೀಟು ಈಗ ತೊಡೆಗೂ ಬರುತ್ತಿರಲಿಲ್ಲ. ಹತ್ತಿ ಕುಳಿತರೆ ಮೊಣಕಾಲು ಹ್ಯಾಂಡಲ್ಲಿಗೆ ಬಡಿಯುವುದರಲ್ಲಿತ್ತು. ಅದೇ ಕ್ಷಣದಲ್ಲಿ, ವಿಧಿಯು ಎಂದೂ ತಡಮಾಡದ ಹಾಗೆ, ಫೋನು ಮೊಳಗಿತು.

“ಅಕ್ಕಾರ, ಖಂಡೇಪೂಜಿ ಆತೇನ್ರಿ?”

ಆಯಿತೆಂದು ಹೇಳಲು ಶಶಿಕಲೆಯ ನಾಲಗೆ ತುದಿಯ ತನಕ ಬಂದಿತ್ತು. ಆದರೆ ಅವಳ ಬೆನ್ನ ಹಿಂದೆಯೇ ಗಣಕಾಸುರನು ತಾನೇ ಒಮ್ಮೆ ತೂಕಡಿಸಿ, ತುತ್ತೂರಿ ಊದಿ ಎದ್ದನು; ಅದು ಪ್ರೆಸ್ಸಿನ ತನಕ ಕೇಳಿಸಿತು. ಕೊಟ್ರೇಶನು ಪರಮಾನಂದಭರಿತನಾಗಿ, ಹಾಗಾದರೆ ಒಂದು ಸಣ್ಣ ನಾಮಕರಣದ ಕಾರ್ಡು ಇದೆಯೆಂದೂ, ಕೂಸಿನ ಹೆಸರೂ ಸಣ್ಣದೆಂದೂ, ಕೂಸೂ ಸಣ್ಣದೆಂದೂ ಅರಿಕೆ ಮಾಡಿಕೊಳ್ಳತೊಡಗಿದನು.

ಸಿಂಚನಾ ಎದ್ದು ಬೂಟಿನ ಲೇಸು ಬಿಚ್ಚತೊಡಗಿದಳು. ಅಳಲಿಲ್ಲ, ಸಿಟ್ಟಾಗಲಿಲ್ಲ. “ನೀ ಕಾರ್ಡ್ ಮಾಡು ಮಮ್ಮಿ. ಮುಂದಿನ ವರ್ಷಕ್ಕ ಇದು ನನಗ ಸಣ್ಣದಾಗ್ತೈತಿ, ಕಲಿಯೂದ ಬ್ಯಾಡಾಗ್ತೈತಿ” ಎಂದು, ಮನೆಯ ಹಿರಿಯರಂತೆ ಸಮಾಧಾನ ಹೇಳಿದಳು.

ಮಹಾಸಮರಗಳಲ್ಲಿ ಬಾಣಗಳಿಗಿಂತ ಇಂಥ ಮಾತುಗಳೇ ಹೆಚ್ಚು ಆಳಕ್ಕೆ ನಾಟುವುವು. ಶಶಿಕಲೆಯು ಫೋನನ್ನು ಗಂಡನ ಕೈಗಿತ್ತು, ಸೆರಗನ್ನು ಸೊಂಟಕ್ಕೆ ಬಿಗಿದು, ಒಳಗೆ ನಡೆದಳು. “ಎಲೈ ನಿದ್ರಾದ್ವೇಷಿಯೇ, ಮಗಳು ಎದ್ದಾಗ ಏಳದೆ ಗಂಡ ಮಲಗಿದಾಗ ಮಲಗದೆ ನಿನ್ನೆದುರು ಕುಳಿತ ನನ್ನ ರಾತ್ರಿಗಳ ಮೇಲಾಣೆ, ಇಂದು ನೀನು ಮಲಗುವೆ ಇಲ್ಲವೇ ನಾನು ಅಕ್ಷರ ಜೋಡಿಸುವುದನ್ನೇ ತೊರೆದು ಹಪ್ಪಳ ಲಟ್ಟಿಸುವೆನು” ಎಂದು ಅವಳ ಕಣ್ಣುಗಳು ನುಡಿದವು. ಅವಳು ನೆಲದ ಮೇಲೆ ಕುಳಿತು, ಬಂದ್ ಮಾಡಿ, ಕಿವಿಯನ್ನು ಪೆಟ್ಟಿಗೆಗೆ ಹಚ್ಚಿದಳು.

ಟಿಕ್. ಸದ್ದು ಹೊಟ್ಟೆಯೊಳಗಿನದಲ್ಲ. ಮೂಗಿನ ಹತ್ತಿರದ್ದು.

ಅವಳು ಮುಂದಿದ್ದ ಬಟನ್ನನ್ನು ಈ ಸಲ ಮೆಲ್ಲಗೆ ಒತ್ತಿ ಬಿಟ್ಟಳು. ಒತ್ತಿದ ಕೀಲಿಗಳು ತನ್ನನ್ನು ಹಿಂದಕ್ಕೆ ತಳ್ಳುವುದನ್ನೇ ದಿನವಿಡೀ ಕಂಡ ಆ ಬೆರಳಿಗೆ, ಇದು ಒಳಗೆ ಹೋದದ್ದು ಅಲ್ಲಿಯೇ ಯೋಚಿಸುತ್ತ ಕುಳಿತದ್ದು ತಿಳಿಯಿತು. ಒಳಗೆ ಸಿಕ್ಕಿಕೊಂಡು, ನಿಲ್ಲುವ ಫ್ಯಾನಿನ ನಡುಕಕ್ಕೆ ಮೆಲ್ಲಗೆ ಹೊರಬಂದು, ಯಾರೋ ಹೊಸದಾಗಿ ಒತ್ತಿದರೆಂದು ಆ ಮುದಿಯನಿಗೆ ಭ್ರಮೆ ಹುಟ್ಟಿಸುತ್ತಿತ್ತು. ಅವಳು ಬೆರಳನ್ನು ಬೆಳಕಿಗೆ ಹಿಡಿದಳು. ತುದಿ ಕೆಂಪಗಿತ್ತು. ಮೂಸಿದಳು. ಗಂಧ.

ಪ್ರತಿ ಖಂಡೇಪೂಜೆಗೂ ನೀಲವ್ವನು ಗಣಕದ ಹಣೆಯೆಂದು ಭಾವಿಸಿ ಬೊಟ್ಟಿಟ್ಟದ್ದು ನೇರ ಆ ಬಟನ್ನಿನ ನೆತ್ತಿಗೇ. ವರ್ಷದ ಮೇಲೆ ವರ್ಷ, ವಿಭೂತಿಯ ಮೇಲೆ ಗಂಧ, ಗಂಧದ ಮೇಲೆ ಕುಂಕುಮ, ಅದರ ಮೇಲೆ ಅಕ್ಷತೆ. ಎಲ್ಲವೂ ಸಂದಿಗೆ ಇಳಿದು, ಒಣಗಿ, ಗಾರೆಯಾಗಿ ನಿಂತಿತ್ತು. ಅಸುರನ ದೇಹದಲ್ಲಿ ಸೇರಿದ್ದು ದೆವ್ವವಲ್ಲ, ದೇವರು.

ಬಾಗಿಲಲ್ಲಿ ನಿಂತು ನೋಡುತ್ತಿದ್ದ ನೀಲವ್ವನ ಮುಖ ಗಂಟಾಯಿತು. “ಅಂದ್ರ ಕೆಡಿಸಿದಾಕಿ ನಾನ ಅಂತೀಯೇನ?”

“ಇಲ್ರಿ ಅತ್ತಿ. ಬಟನ್ನಿಗೆ ಭಕ್ತಿ ಜಾಸ್ತಿ ಆಗೇತಿ.”

ಅನಂತರ ಶಶಿಕಲೆಯು ಬಳೆಗೆ ಸಿಕ್ಕಿಸಿಕೊಂಡಿದ್ದ ಪಿನ್ನನ್ನು ಬಿಚ್ಚಿದಳು. ತ್ರಿಶೂಲಗಳು, ಗದೆಗಳು, ಆಗ್ನೇಯಾಸ್ತ್ರಗಳು ನಾಚುವಂತೆ ಆ ಪಿನ್ನಿನ ಮೊನೆಯು ಬಟನ್ನಿನ ಸುತ್ತ ಸಂಚರಿಸಿ, ಒಂದೊಂದು ನವಮಿಯ ಪದರವನ್ನೂ ಕೆದಕಿ ತೆಗೆಯಿತು. ಕೊನೆಯಲ್ಲಿ ಒಂದು ಅಕ್ಷತೆಯ ಕಾಳು ಚಿಮ್ಮಿ ವಿರೂಪಾಕ್ಷನ ಬನಿಯನ್ನಿಗೆ ಬಿದ್ದಿತು. ಅವನು ಕಿವಿಯಲ್ಲಿ ಕೊಟ್ರೇಶನನ್ನು ಇಟ್ಟುಕೊಂಡೇ ಅದನ್ನು ಆಶೀರ್ವಾದವೆಂದು ತಲೆಗೆ ಒತ್ತಿಕೊಂಡನು. ಬಟನ್ನು ಒಳಗೆ ಹೋಗಿ ಥಟ್ಟನೆ ಹೊರಗೆ ಬಂದಿತು. ಬಂದ್ ಎಂದು ಆಜ್ಞೆಯಾಯಿತು. ಕಿಟಕಿಗಳು ಮುಚ್ಚಿದವು, ಪರದೆ ಕಪ್ಪಾಯಿತು, ಫ್ಯಾನು ತಿರುಗಿ, ತೊದಲಿ, ನಿಂತಿತು.

ಬಹುಕಾಲದಿಂದ ಗುರುಗುಡುವುದರ ಕೆಳಗೆ ಹೂತಿದ್ದ ಆ ಮನೆಯ ಸದ್ದುಗಳು ಒಂದೊಂದಾಗಿ ಮೇಲೆ ಬಂದವು: ಬಚ್ಚಲ ನಲ್ಲಿಯ ಹನಿ, ಗೋಡೆಯ ಗಡಿಯಾರ, ಆಚೆಮನೆಯಲ್ಲಿ ಯಾರೋ ಕಾಯಿ ಒಡೆದದ್ದು. ಗಣಕಾಸುರನು ಏಳಲಿಲ್ಲ.

ರಾಹುಕಾಲ ಹತ್ತಿರವಾದ್ದರಿಂದ ನೀಲವ್ವನು ತಡಮಾಡದೆ ಗಂಧದ ಬಟ್ಟಲೆತ್ತಿ, ಬೆರಳದ್ದಿ, ನೇರ ಅದೇ ಬಟನ್ನಿಗೆ ಗುರಿಯಿಟ್ಟಳು. ಸೊಸೆಯು ಆ ಕೈಯನ್ನು ಗಾಳಿಯಲ್ಲಿಯೇ ಹಿಡಿದಳು.

“ಅಲ್ಲಿ ಬ್ಯಾಡ್ರಿ ಅತ್ತಿ, ಒಂದೀಟ ಮ್ಯಾಲ.”

“ಹಣಿ ಅದ ಅಲ್ಲೇನ?”

“ಹಣಿ ಅಲ್ರಿ, ಅದು ಕಣ್ಣು.”

ಕಣ್ಣೆಂದ ಮೇಲೆ ನೀಲವ್ವನು ಒಪ್ಪಿದಳು. ಬೊಟ್ಟು ಒಂದು ಗೇಣು ಮೇಲೇರಿತು. ಅಲ್ಲಿಂದ ಅವಳು ಸುಂಟರಗಾಳಿಯಂತೆ ಸಾಗಿ ಮಿಕ್ಸಿಗೆ, ಕತ್ತರಿಗೆ, ಈಳಿಗೆಮಣೆಗೆ, ಮಗನು ಊದುವ ಸೀಟಿಗೆ, ಅಂಗಳದ ಸ್ಕೂಟರಿಗೆ ಪೂಜೆ ಮುಗಿಸಿದಳು. ಅತ್ತ ಶಶಿಕಲೆಯು ಫೋನನ್ನು ಇಸಿದುಕೊಂಡು, ವರ್ಷಗಟ್ಟಲೆ ಕಾದಿದ್ದ ಎರಡು ಪದಗಳನ್ನು ಬಾಣದಂತೆ ಹೂಡಿದಳು: “ಖಂಡೇಪೂಜಿ ಆಗೇತ್ರಿ.” ಅತ್ತಲಿಂದ ದೀರ್ಘ ನಿಟ್ಟುಸಿರು. ನಾಮಕರಣದ ಕೂಸು ಒಂದು ದಿನ ಹೆಸರಿಲ್ಲದೆ ಇರಲು ಒಪ್ಪಿತು.

ವಿಜಯೋನ್ಮತ್ತಳಾಗಿ ಅವಳು ಮೆಟ್ಟಿಲಿಗೆ ಬಂದು ನೋಡುತ್ತಾಳೆ: ಸೈಕಲ್ಲಿಗೆ ಚೆಂಡುಹೂವಿನ ಮಾಲೆ, ಹ್ಯಾಂಡಲ್ಲಿಗೆ ವಿಭೂತಿ, ಗಾಲಿಗಳ ಕೆಳಗೆ ನಿಂಬೆಹಣ್ಣು. ಅದಕ್ಕೂ ಪೂಜೆಯಾಗಿತ್ತು. ಪೂಜೆಯಾದದ್ದು ಬನ್ನಿಯ ತನಕ ವಿಶ್ರಾಂತಿಯಲ್ಲಿರಬೇಕು. ತಾಯಿಯನ್ನು ಬಿಡಿಸಿದ ಶಾಸನವೇ ಮಗಳ ಗಾಲಿಯನ್ನು ಕಟ್ಟಿಹಾಕಿತ್ತು. ಸಿಂಚನಾಳ ಒಂದು ಬೂಟು ಕಾಲಲ್ಲಿ, ಇನ್ನೊಂದು ಕೈಯಲ್ಲಿತ್ತು.

ನೀಲವ್ವನು ಮೊಮ್ಮಗಳ ಮುಖ ನೋಡಿದಳು. ಸೊಸೆಯ ಮುಖ ನೋಡಲಿಲ್ಲ. ಆರತಿ ತಟ್ಟೆಯನ್ನು ಕೆಳಗಿಟ್ಟು, “ಗಾಡಿ ಅಂದ ಮ್ಯಾಲ ನಿಂಬಿಹಣ್ಣ ದಾಟಬೇಕು, ಅದು ಪೂಜಿಯೊಳಗ ಬಂತು” ಎಂದಳು.

“ದಾಟಿ ಎಷ್ಟ ದೂರ ಹೋಗಬೇಕ್ರಿ ಅತ್ತಿ?”

“ಅದಕ್ಕೆಲ್ಲೈತಿ ಲೆಕ್ಕ?”

ವಿರೂಪಾಕ್ಷನು ಅಭ್ಯಾಸಬಲದಿಂದ “ರೈಟ್” ಎಂದನು. ನಿಂಬೆಹಣ್ಣು ಒಡೆಯಲಿಲ್ಲ, ಆ ಹಗುರ ಗಾಲಿಗೆ ಸಿಗದೆ ಜಾರಿ ಗಟಾರಕ್ಕೆ ಉರುಳಿತು. ಸಿಂಚನಾ ಎರಡು ಸಲ ಗೋಡೆಗೂ ಒಂದು ಸಲ ಎಮ್ಮೆಗೂ ತಾಗಿದಳು, ಮೊಣಕಾಲು ತರಚಿತು, ಓಣಿಯ ತಿರುವಿನಿಂದ ಇಬ್ಬರೂ ಸೈಕಲ್ಲನ್ನು ತಳ್ಳಿಕೊಂಡು ಬಂದರು. ಅವಳಿಗೆ ಸೈಕಲ್ಲು ಇನ್ನೂ ಪೂರ್ತಿ ಬರಲಿಲ್ಲ.

ಶಶಿಕಲೆಯು ಹಿಂದೆ ಓಡಿದ್ದಳು. ಕೊಟ್ಟ ಮಾತು ನಡೆಯಿತು.